ಹಿಟ್ಟಿಗೆ ಹೊದಿಸಿದ ಶಾಲು

ಭದ್ರಾವತಿಯ ಕಾರ್ಮಿಕರ ಕಾಲೊನಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಶಿವಮೊಗ್ಗದಲ್ಲೇ ಪಾಠ ಹೇಳಿಕೊಂಡಿದ್ದೆ. ಮನೆ ದುರ್ಗಿಗುಡಿಯಲ್ಲಿ; ಶಾಲೆ ನಡೆದು ಹೋಗುವಷ್ಟು ಹತ್ತಿರ. ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಉಂಡು ಹೋಗುವ ಸುಖ ಇತ್ತು. ಬಡ್ತಿ ಆ ಬಿಸಿ ಅನ್ನವನ್ನು ಕಿತ್ತುಕೊಂಡು, ಅದರ ಬದಲಿಗೆ ಒಂದು ಕಬ್ಬಿಣದ ಕುರ್ಚಿ ಕೊಟ್ಟಿತು.

ಆ ಕುರ್ಚಿಯಲ್ಲಿ ಕೂರುವ ಮುಂಚೆ ನನ್ನನ್ನು ಒಂದು ತರಬೇತಿಗೆ ಕಳಿಸಿದ್ದರು. ಮಕ್ಕಳು ತಾವೇ ಪ್ರಶ್ನೆ ಕೇಳಿ, ತಾವೇ ಹುಡುಕಿ ಕಲಿಯುವ ಹಾಗೆ ಪಾಠ ಮಾಡುವುದು ಹೇಗೆ ಎಂಬುದರ ತರಬೇತಿ. ಮೊದಲ ದಿನವೇ ನಮ್ಮನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋಗಿ, "ಇರುವೆ ಸಾಲು ನೋಡಿ" ಎಂದರು. ಅಷ್ಟೇ. ಸರ್ಕಾರದ ಖರ್ಚಿನಲ್ಲಿ ಇರುವೆ ನೋಡುವುದೇ ಎಂದು ನಕ್ಕೆವು. ಆಮೇಲೆ ಒಬ್ಬ ಮೇಷ್ಟ್ರು ಸುಮ್ಮನಿರಲಾರದೆ ಸೀಮೆಸುಣ್ಣದಲ್ಲಿ ಸಾಲಿಗೆ ಅಡ್ಡ ಒಂದು ಗೆರೆ ಎಳೆದರು. ಇರುವೆಗಳು ಗೆರೆಯ ಹತ್ತಿರ ಬಂದು ಗಕ್ಕನೆ ನಿಂತವು, ಅತ್ತ ಇತ್ತ ಓಡಾಡಿದವು. ಸುಣ್ಣದ ವಾಸನೆ ಆಗುವುದಿಲ್ಲವೋ, ದಾರಿ ತಪ್ಪಿತೋ, ಕಾಲು ಜಾರಿತೋ? ಹೊಟ್ಟೆ ಬಂದ ಮೇಷ್ಟ್ರುಗಳೆಲ್ಲ ನೆಲಕ್ಕೆ ಮುಖ ಹಚ್ಚಿ ಜಗಳ ಆಡತೊಡಗಿದರು. ತರಬೇತಿ ಕೊಡುವವರು ಕೊನೆವರೆಗೂ ಉತ್ತರ ಹೇಳಲಿಲ್ಲ. ಎಷ್ಟು ಸಿಟ್ಟು ಬಂತೆಂದರೆ, ಮನೆಗೆ ಬಂದವಳೇ ಅಡುಗೆಮನೆಯ ಇರುವೆ ಸಾಲಿಗೆ ಅರಿಶಿನ, ಅಕ್ಕಿ ಹಿಟ್ಟು, ಉಪ್ಪು ಒಂದೊಂದಾಗಿ ಗೆರೆ ಎಳೆಯುತ್ತಾ ಕೂತೆ. "ಬಡ್ತಿ ಆಗಿದ್ದು ತಲೆಗೆ ಹತ್ತಿತಾ?" ಎಂದು ನನ್ನ ಯಜಮಾನರು ಕೇಳಿದರು.

ಹತ್ತಿದ್ದು ನಿಜ. ಆ ಸಿಟ್ಟನ್ನು ನನ್ನ ಶಾಲೆಯ ಮಕ್ಕಳಿಗೂ ಬರಿಸಬೇಕು ಎಂದು ತೀರ್ಮಾನಿಸಿದೆ.

ಶಾಲೆಯಲ್ಲಿ ಇಬ್ಬರ ಮಾತಿಗೆ ತೂಕವಿತ್ತು. ಒಬ್ಬರು ಹಿರಿಯ ಮೇಷ್ಟ್ರು. ಸಂಸ್ಕೃತ ಓದಿದ್ದ ಮನೆತನ, ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬಾ. ಭದ್ರಾವತಿಯಲ್ಲಿ ಯಾವ ಸಮಾರಂಭವಾದರೂ ಅವರ ಪ್ರಾರ್ಥನೆ ಇರಬೇಕು, ಕೊನೆಗೆ ಅವರಿಗೊಂದು ಸನ್ಮಾನವೂ ಇರಬೇಕು. ನಿವೃತ್ತಿ ಹತ್ತಿರ ಬಂದಿತ್ತು. ಇನ್ನೊಬ್ಬಳು ಶಿವಮೊಗ್ಗದಿಂದ ನನ್ನ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದ ಚಿಕ್ಕ ವಯಸ್ಸಿನ ಟೀಚರ್. ಬಸ್ಸಿನಲ್ಲಿ ನನ್ನನ್ನು "ಅಕ್ಕಾ" ಎನ್ನುತ್ತಿದ್ದವಳು, ಶಾಲೆಯ ಗೇಟು ದಾಟಿದ ಕೂಡಲೇ "ಮೇಡಂ" ಎನ್ನುತ್ತಿದ್ದಳು.

ಮೊದಲ ಸಭೆಯಲ್ಲೇ ಹೇಳಿದೆ: "ವಾರಕ್ಕೊಂದು ಪೀರಿಯಡ್ಡು ಮಕ್ಕಳು ಪ್ರಶ್ನೆ ಕೇಳ್ಲಿ. ಆ ಪೀರಿಯಡ್ಡಲ್ಲಿ ನಾವ್ಯಾರೂ ಉತ್ತರ ಹೇಳೋದು ಬೇಡ."

ಹಿರಿಯ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲ ಮೇಡಂ, ಉತ್ತರ ಹೇಳೋಕೇ ಅಲ್ವಾ ಸರ್ಕಾರ ನಮಗೆ ಸಂಬಳ ಕೊಡೋದು?"

"ಅವ್ರೇ ಹುಡುಕ್ಲಿ ಸಾರ್. ನಾವು ಜೊತೆಗಿರೋಣ."

"ನಮಗೆ ಗೊತ್ತಿರೋದನ್ನ ಮುಚ್ಚಿಟ್ಕೊಂಡು?"

"ಸ್ವಲ್ಪ ಹೊತ್ತು."

"ವಿದ್ಯೆ ಮುಚ್ಚಿಟ್ರೆ ಪಾಪ ಅಂತ ನಮ್ಮ ತಂದೆ ಹೇಳಿಕೊಟ್ಟಿದ್ರು" ಎಂದರು. ಆದರೂ ಮುಖ್ಯಸ್ಥರು ಹೇಳಿದ ಮೇಲೆ ಮೀರುವವರಲ್ಲ. "ಆಗ್ಲಿ. ಪಾಪ ನಿಮ್ಮ ತಲೆ ಮೇಲೆ" ಎಂದು ಕನ್ನಡಕ ಹಾಕಿಕೊಂಡರು.

ಮೊದಲ ಪ್ರಶ್ನೆ ಪೀರಿಯಡ್ಡು ಮೂರನೇ ತರಗತಿಯಲ್ಲಿ. ಕೊಠಡಿಯ ನಡುವೆ ನಿಂತು ಬಹಳ ಪ್ರೀತಿಯಿಂದ, "ಮಕ್ಕಳೇ, ಇವತ್ತು ನಿಮಗೆ ಏನು ಬೇಕೋ ಅದನ್ನ ಕೇಳಿ" ಎಂದೆ. ಕಾರ್ಖಾನೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಹಳ ಹೊತ್ತಾದ ಮೇಲೆ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲಕ್ಕೆ ಬಂತು. ನನ್ನ ಎದೆ ಉಬ್ಬಿತು.

"ಕೇಳು ಪುಟ್ಟಾ."

"ಮಿಸ್, ಒಂದಕ್ಕೆ ಹೋಗ್ಲಾ?"

ಹೋಗು ಎಂದೆ. ಕೂಡಲೇ ಇನ್ನೊಂದು ಕೈ ಎದ್ದಿತು. ಅದೂ ಅದೇ ಪ್ರಶ್ನೆ. ಆ ಪೀರಿಯಡ್ಡು ಮುಗಿಯುವಷ್ಟರಲ್ಲಿ ಅರ್ಧ ತರಗತಿ ಹೊರಗಿತ್ತು. ಶಾಲೆ ಸೇರಿದಂದಿನಿಂದ ಮೇಷ್ಟ್ರನ್ನು ಕೇಳಬಹುದಾದ ಪ್ರಶ್ನೆ ಎಂದು ಆ ಮಕ್ಕಳು ಕಲಿತಿದ್ದದ್ದು ಅದೊಂದೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಿರಿಯ ಮೇಷ್ಟ್ರು ಒಮ್ಮೆ ಕೆಮ್ಮಿದರು.

ಬಸ್ಸಿನಲ್ಲಿ ಕೂತು ಚಿಕ್ಕ ಟೀಚರಿಗೆ ನನ್ನ ಸೋಲು ಹೇಳಿಕೊಂಡೆ. ಅವಳು, "ಅಕ್ಕಾ, ಕೇಳಿ ಅಂದ್ರೆ ಯಾರು ಕೇಳ್ತಾರೆ? ವಿಚಿತ್ರವಾದದ್ದು ಏನಾದ್ರೂ ಎದುರಿಗೆ ಇಟ್ಟು ನಾವು ಸುಮ್ನಿರಬೇಕು" ಎಂದಳು. ಮಾರನೆಯ ದಿನ ಅವಳೇ ಒಂದು ಹಲ್ಲಿಯ ತುಂಡಾದ ಬಾಲವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದಳು. ದಾರಿಯುದ್ದಕ್ಕೂ ಅದು ನನ್ನ ಪಕ್ಕದಲ್ಲೇ ಕೂತಿತ್ತು.

ಬಾಲ ಕೆಲಸ ಮಾಡಿತು. ಹಲ್ಲಿಗೆ ನೋವಾಯ್ತಾ, ಬಾಲ ಮತ್ತೆ ಬರುತ್ತಾ, ಈ ಬಾಲಕ್ಕೆ ಇನ್ನೊಂದು ಹಲ್ಲಿ ಬರುತ್ತಾ? ಪ್ರಶ್ನೆಗಳು ಬಂದವು ನೋಡಿ, ಬಂದ ಮೇಲೆ ನಿಲ್ಲಲೇ ಇಲ್ಲ. ಆಗ ನಮಗೆ ಹೊಸ ಕಷ್ಟ ಶುರುವಾಯಿತು: ಉತ್ತರ ಹೇಳದೆ ಇರುವುದು. ನನಗಂತೂ ಇಪ್ಪತ್ತು ವರ್ಷದ ಅಭ್ಯಾಸ, ಪ್ರಶ್ನೆ ಕಿವಿಗೆ ಬಿದ್ದರೆ ಉತ್ತರ ತಾನೇ ನಾಲಿಗೆಗೆ ಬರುತ್ತಿತ್ತು. ಕೊನೆಗೆ ಪ್ರಶ್ನೆ ಪೀರಿಯಡ್ಡಿಗೆ ಹೋಗುವಾಗ ಬಾಯಿಗೆ ಒಂದು ಲವಂಗ ಹಾಕಿಕೊಳ್ಳುವುದು ಎಂದು ನಾನೂ ಚಿಕ್ಕ ಟೀಚರೂ ಮಾತಾಡಿಕೊಂಡೆವು. ಉತ್ತರ ಬಂತೆನಿಸಿದರೆ ಕಚ್ಚಬೇಕು. ಆ ವರ್ಷ ನಮ್ಮಿಬ್ಬರಿಗೂ ಹಲ್ಲುನೋವೇ ಬರಲಿಲ್ಲ.

ಮಕ್ಕಳ ಪ್ರಶ್ನೆಗಳು ಮನೆಗೂ ಹೋದವು. ಒಂದು ಬೆಳಿಗ್ಗೆ, ಪಾಳಿ ಮುಗಿಸಿಕೊಂಡು ನೇರ ಶಾಲೆಗೆ ಬಂದ ಒಬ್ಬ ತಂದೆ ನನ್ನ ಮೇಜಿನ ಮುಂದೆ ನಿಂತರು. ಕಣ್ಣು ಕೆಂಪಗಿತ್ತು.

"ಮೇಡಂ, ನನ್ನ ಮಗಳು ಕೇಳ್ತಾಳೆ, ಅಪ್ಪಾ ನೀನು ಕಾರ್ಖಾನೇಲಿ ಏನು ಮಾಡ್ತೀಯ ಅಂತ. ಹೇಳ್ದೆ. 'ಯಾಕೆ' ಅಂದ್ಳು. ಅದನ್ನೂ ಹೇಳ್ದೆ. ಮತ್ತೆ 'ಯಾಕೆ' ಅಂದ್ಳು."

"ಕೇಳ್ಲಿ ಬಿಡಿ, ಒಳ್ಳೇದಲ್ವಾ?"

"ಒಳ್ಳೇದೇ ಮೇಡಂ. ಆದ್ರೆ ನಾಲ್ಕನೇ 'ಯಾಕೆ' ಹೊತ್ತಿಗೆ ನನಗೇ ಗೊತ್ತಾಗ್ಲಿಲ್ಲ ನಾನ್ಯಾಕೆ ಹೋಗ್ತಿದೀನಿ ಅಂತ. ಪಾಳಿಗೆ ಹೋಗೋ ಹೊತ್ತಲ್ಲಿ ಕೇಳ್ಬೇಡ ಅಂತ ಸ್ವಲ್ಪ ಹೇಳಿ" ಎಂದು ಕೈ ಮುಗಿದು ಹೋದರು.

ಹಿರಿಯ ಮೇಷ್ಟ್ರು ಮಾತ್ರ ಇದರಿಂದ ದೂರ ಇದ್ದರು. ತಮ್ಮ ಪ್ರಶ್ನೆ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಪ್ರಶ್ನೆಯನ್ನೂ ತಾವೇ ಬಾಯಿಪಾಠ ಮಾಡಿಸುತ್ತಿದ್ದರು. "ಮಳೆ ಹೇಗೆ ಬರುತ್ತದೆ? ಎಲ್ಲರೂ ಕೇಳಿ!" ಎಂದರೆ ಇಡೀ ತರಗತಿ ರಾಗವಾಗಿ "ಮಳೆ ಹೇಗೆ ಬರುತ್ತದೆ" ಎನ್ನುತ್ತಿತ್ತು.

ಹೀಗಿರುವಾಗ ಚಳಿಗಾಲ ಬಂತು. ಒಂದು ಸೋಮವಾರ ಮೂರನೇ ತರಗತಿಯ ಒಬ್ಬ ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು. ಕಾರ್ಖಾನೆಯ ಕ್ವಾರ್ಟರ್ಸಿನ ತಮಿಳು ಮನೆಯ ಮಗು; ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತಮಿಳು, ಜಗಳಕ್ಕೆ ಎರಡೂ. ಏನಾಯಿತು ಎಂದು ಕೇಳಿದೆ.

"ಇಡ್ಲಿ ಹಿಟ್ಟು ಉಬ್ಬಲೇ ಇಲ್ಲ ಮಿಸ್. ಇಡ್ಲಿ ಕಲ್ಲು ಥರ ಆಯ್ತು. ಪಾಟಿ ಅಮ್ಮಂಗೆ ಬೈದ್ರು." ಪಾಟಿ ಎಂದರೆ ಅಜ್ಜಿ. "ಅಮ್ಮನ ಕೈಗುಣ ಸರಿ ಇಲ್ವಂತೆ. ಪಾಟಿ ಕಲಸಿದ್ರೆ ಉಬ್ಬುತ್ತಂತೆ. ಹೌದಾ ಮಿಸ್? ಕೈಗುಣ ಅಂದ್ರೆ ಇದ್ಯಾ?"

ನಾನು ಲವಂಗ ಕಚ್ಚಿದೆ. ಚಿಕ್ಕ ಟೀಚರ್ ಲವಂಗ ಕಚ್ಚಿದಳು. ವರಾಂಡದಲ್ಲಿ ಹೋಗುತ್ತಿದ್ದ ಹಿರಿಯ ಮೇಷ್ಟ್ರ ಬಾಯಲ್ಲಿ ಲವಂಗ ಇರಲಿಲ್ಲ.

"ಇದ್ಯಾ ಅಂದ್ರೇನು? ಇದ್ದೇ ಇದೆ!" ಎಂದು ಒಳಗೇ ಬಂದುಬಿಟ್ಟರು. "ನಮ್ಮನೆಯವಳು ಕಲಸಿದ ಹಿಟ್ಟು ನೋಡ್ಬೇಕು ನೀನು. ಪಾತ್ರೆ ಮುಚ್ಚಳ ಎತ್ತಿಬಿಡುತ್ತೆ. ಪಕ್ಕದ ಮನೆಯವರು ಕಲಸಿದ್ದು ಹಾಗೇ ಮಲಗಿರುತ್ತೆ. ಅದೇ ಅಕ್ಕಿ, ಅದೇ ಉದ್ದು."

"ಹಾಗಾದ್ರೆ ನಮ್ಮಮ್ಮನ ಕೈ ಸರಿ ಇಲ್ವಾ ಸಾರ್?" ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಮೇಷ್ಟ್ರು ತಬ್ಬಿಬ್ಬಾದರು. ಮಕ್ಕಳನ್ನು ಅಳಿಸುವ ಮನುಷ್ಯ ಅವರಲ್ಲ. "ಹಂಗಲ್ಲಮ್ಮ... ಹಂಗಂತ ಅಲ್ಲ..." ಎನ್ನುತ್ತಾ ನನ್ನ ಕಡೆ ನೋಡಿದರು. ನಾನು ಲವಂಗವನ್ನು ದವಡೆಗೆ ಸರಿಸಿ ಹೇಳಿದೆ: "ಸಾರ್, ಪರೀಕ್ಷೆ ಮಾಡಿ ನೋಡೋಣ್ವಾ?"

ಹೇಗೆ ಪರೀಕ್ಷೆ ಮಾಡುವುದು ಎಂದು ಮಕ್ಕಳೇ ಎರಡು ದಿನ ಜಗಳವಾಡಿದರು. ಹಿಟ್ಟು ಒಂದೇ ಮನೆಯದಾಗಿರಬೇಕು, ಒಂದೇ ಸಲ ರುಬ್ಬಿದ್ದಾಗಿರಬೇಕು. ಅದನ್ನು ಗಾಜಿನ ಬಾಟಲಿಗಳಿಗೆ ಹಂಚಬೇಕು. ಒಂದನ್ನು ಅಮ್ಮ ಕಲಸುವುದು, ಒಂದನ್ನು ಪಾಟಿ. ಹಿರಿಯ ಮೇಷ್ಟ್ರು ತಾವಾಗಿಯೇ, "ನಂದೂ ಒಂದಿರ್ಲಿ. ನಮ್ಮನೆಯವಳು ಅಷ್ಟು ದೂರ ಬರೋಕಾಗಲ್ಲ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಅವಳ ಕೈಗುಣ ನನಗೂ ಸ್ವಲ್ಪ ಬಂದಿರುತ್ತೆ" ಎಂದರು. ಆಗ ಆ ಹುಡುಗಿಯೇ ಎದ್ದು, "ಯಾರ ಕೈನೂ ಹಾಕದೇ ಇರೋದು ಒಂದು ಬೇಕು ಸಾರ್, ಸೌಟಲ್ಲಿ ಕಲಸಿದ್ದು" ಎಂದಳು. ಚಿಕ್ಕ ಟೀಚರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಹೋಲಿಸಿ ನೋಡಲು ಹೀಗೊಂದು ಬೇಕು ಎಂಬುದನ್ನು ತರಬೇತಿಯಲ್ಲಿ ನಮಗೆ ಅರ್ಥ ಮಾಡಿಸಲು ಒಂದು ಇಡೀ ಮಧ್ಯಾಹ್ನ ಹಿಡಿದಿತ್ತು.

ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಹಿಟ್ಟಿನ ಡಬರಿ ಹೊತ್ತುಕೊಂಡು ಬಂದರು. ಪಾಟಿ ಸಣ್ಣಗೆ, ನೆಟ್ಟಗೆ ಇದ್ದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಳಗಕ್ಕೆ ಬಂದವರಂತೆ ಬಾಟಲಿಗೆ ಕೈ ಹಾಕಿ ಕಲಸಿದರು. "ಇವ ಕೈಲೆ ಮಾವು ಪೊಂಗಾದು ಟೀಚರಮ್ಮ" ಎಂದು ಸೊಸೆಯ ಎದುರೇ ನನಗೆ ಹೇಳಿದರು. ಇವಳ ಕೈಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎಂದು. ಸೊಸೆ ತನ್ನ ಬಾಟಲಿ ಕಲಸಿದಳು. ಹಿರಿಯ ಮೇಷ್ಟ್ರು ಕೈ ತೊಳೆದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು ಕಲಸಿದರು. ಮಕ್ಕಳು ಹಿಟ್ಟಿನ ಮಟ್ಟಕ್ಕೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿದರು. ಬಾಟಲಿಗಳನ್ನು ನನ್ನ ಕೊಠಡಿಯ ಮೇಜಿನ ಮೇಲಿಟ್ಟು ಬೀಗ ಹಾಕಿದೆವು. ಇನ್ನೊಂದು ಬೀಗದ ಕೈ ಹಿರಿಯ ಮೇಷ್ಟ್ರ ಹತ್ತಿರ ಇರುತ್ತಿತ್ತು. ಬೆಳಿಗ್ಗೆ ಬೇಗ ಬಂದು ಬಾಗಿಲು ತೆಗೆಯುವವರು ಅವರೇ.

ಮರುದಿನ ನಾವು ಬಸ್ಸಿಳಿದು ಬರುವಷ್ಟರಲ್ಲಿ ಮೂರನೇ ತರಗತಿ ನನ್ನ ಕೊಠಡಿಯ ಮುಂದೆ ನಿಂತಿತ್ತು. ಒಳಗೆ ನೋಡಿದರೆ, ಮೂರು ಬಾಟಲಿಗಳಲ್ಲಿ ಹಿಟ್ಟು ರಬ್ಬರ್ ಬ್ಯಾಂಡ್ ಬಿಟ್ಟು ಅಲುಗಿರಲಿಲ್ಲ. ನಾಲ್ಕನೆಯ ಬಾಟಲಿ ಕಾಣುತ್ತಲೇ ಇರಲಿಲ್ಲ. ಅದರ ಸುತ್ತ ಒಂದು ಜರಿಯಂಚಿನ ಶಾಲು. ಹುಡುಗಿ ಶಾಲು ಎತ್ತಿದಳು. ಮೇಷ್ಟ್ರ ಹಿಟ್ಟು ಬೆರಳಗಲ ಮೇಲಕ್ಕೆ ಬಂದಿತ್ತು.

"ಇದ್ಯಾರು ಹೊದ್ಸಿದ್ದು?" ಎಂದೆ.

ಹಿರಿಯ ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು. "ನಿನ್ನೆ ನೀವು ಹೋದ್ಮೇಲೆ... ಬಹಳ ಚಳಿ ಇತ್ತು ಮೇಡಂ. ಹೆಗಲ ಮೇಲೆ ಇತ್ತು. ಹಾಗೇ..."

"ನಿಮ್ಮ ಬಾಟಲಿಗೆ ಮಾತ್ರ?"

"ಕೈಗೆ ಸಿಕ್ಕಿದ್ದು ಅದೇ ಬಾಟಲಿ."

ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಪಾಟಿ ನಿಲ್ಲುವ ಹಾಗೆಯೇ. "ಸಾರ್, ನೀವು ಮೋಸ ಮಾಡಿದ್ರಿ! ಒಂದಕ್ಕೇ ಶಾಲು ಹೊದ್ಸಿದ್ರೆ, ಉಬ್ಬಿದ್ದು ಕೈಯಿಂದನೋ ಶಾಲಿಂದನೋ ಹೆಂಗೆ ಗೊತ್ತಾಗುತ್ತೆ?"

ಒಂದು ಮಗು ಮೇಷ್ಟ್ರಿಗೆ ಮೋಸ ಮಾಡಿದಿರಿ ಎಂದದ್ದನ್ನು ನನ್ನ ಸರ್ವೀಸಿನಲ್ಲಿ ಕೇಳಿದ್ದು ಅದೇ ಮೊದಲು. ನಾನು ಹೆದರಿದೆ. ಊರೆಲ್ಲ ಗೌರವಿಸುವ ಮನುಷ್ಯ, ಎಂಟು ವರ್ಷದ ಮಗು. ಇವತ್ತಿಗೆ ಪ್ರಶ್ನೆ ಪೀರಿಯಡ್ಡು ಮುಗಿಯಿತು ಎಂದುಕೊಂಡೆ. ಮೇಷ್ಟ್ರು ನಿಧಾನವಾಗಿ ತಿರುಗಿ ಶಾಲನ್ನು ನೋಡಿದರು, ಬಾಟಲಿ ನೋಡಿದರು, ಹುಡುಗಿಯನ್ನು ನೋಡಿದರು.

"ಹೌದಲ್ಲ" ಎಂದರು. ಮತ್ತೊಮ್ಮೆ ಇನ್ನೂ ಮೆಲ್ಲಗೆ, "ಹೌದಲ್ಲ ಮಾರಾಯ್ತಿ" ಎಂದರು.

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. "ಹಾಗಾದ್ರೆ ನಾಲ್ಕಕ್ಕೂ ಶಾಲು ಹೊದ್ಸೋಣ. ಎಲ್ಲ ಒಂದೇ ಥರ ಶಾಲು" ಎಂದು ಮಕ್ಕಳಿಗಿಂತ ಮೊದಲು ಅವರೇ ಹೇಳಿದರು. ಶಾಲಿಗೆ ಅವರ ಮನೆಯಲ್ಲಿ ಬರ ಇರಲಿಲ್ಲ. ಎಲ್ಲ ಸನ್ಮಾನದವು, ಕೆಂಪು ಬಣ್ಣದವು, ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಡಚಿಟ್ಟವು. ಮರುದಿನ ಚೀಲದಲ್ಲಿ ತುಂಬಿಕೊಂಡು ಬಂದರು. ಹೆಂಡತಿ ಏನೆಂದರು ಎಂದು ಕೇಳಿದ್ದಕ್ಕೆ, "ಅಂತೂ ಉಪಯೋಗಕ್ಕೆ ಬಂತಲ್ಲ ಅಂದ್ಳು" ಎಂದರು.

ಅತ್ತೆ ಸೊಸೆ ಮತ್ತೆ ಬಂದು ಹೊಸ ಹಿಟ್ಟು ಕಲಸಿದರು. ಈ ಸಲ ಬೀಗದ ಕೈ ಎರಡನ್ನೂ ಮಕ್ಕಳು ನನ್ನ ಬ್ಯಾಗಿಗೆ ಹಾಕಿಸಿದರು. ಹಿರಿಯ ಮೇಷ್ಟ್ರು ಅದಕ್ಕೆ ತಲೆಯಾಡಿಸಿ, "ಸರಿಯಾಗಿದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ" ಎಂದರು.

ಬೆಳಿಗ್ಗೆ ನಾವು ಬಾಗಿಲು ತೆಗೆದೆವು. ಮಕ್ಕಳೆಲ್ಲ ಸುತ್ತ ನಿಂತು, ಶಾಲು ತೆಗೆಯುವ ಮೊದಲು ಯಾವುದು ಹೆಚ್ಚು ಉಬ್ಬಿರುತ್ತದೆ ಎಂದು ಒಬ್ಬೊಬ್ಬರೇ ಹೇಳುತ್ತಿದ್ದರು. ಪಾಟಿಯೂ ಬಂದು ವರಾಂಡದ ಕಟ್ಟೆಯ ಮೇಲೆ ಕೂತಿದ್ದರು. ಆಗ ಗೇಟಿನ ಹತ್ತಿರ ಜೀಪು ನಿಂತ ಶಬ್ದ ಕೇಳಿತು. ತಪಾಸಣೆಗೆ ಶಿಕ್ಷಣಾಧಿಕಾರಿ ಬಂದಿದ್ದರು. ಯಾವ ಸೂಚನೆಯೂ ಇರಲಿಲ್ಲ.

ಸಾಹೇಬರು ಒಳಗೆ ಬಂದರು. ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಸಾಲಾಗಿ ನಾಲ್ಕು ಗುಂಡು ಆಕೃತಿಗಳು, ಪ್ರತಿಯೊಂದಕ್ಕೂ ಜರಿಯಂಚಿನ ಕೆಂಪು ಶಾಲು. ಎದುರಿಗೆ ಕೈಕಟ್ಟಿ ನಿಂತ ಮೂರನೇ ತರಗತಿ. ಪಕ್ಕದಲ್ಲಿ ಹಿರಿಯ ಮೇಷ್ಟ್ರು.

"ಏನ್ರೀ ಮೇಡಂ ಇದು? ಯಾರಿಗೆ ಸನ್ಮಾನ?"

ನನ್ನ ಬಾಯಲ್ಲಿದ್ದ ಲವಂಗ ಗಂಟಲಿಗೆ ಇಳಿಯಿತು. ನಾನು ಕೆಮ್ಮುತ್ತಿರುವಾಗ ಹುಡುಗಿಯೇ ಉತ್ತರಿಸಿದಳು. "ಸನ್ಮಾನ ಅಲ್ಲ ಸಾರ್. ಹಿಟ್ಟಿಗೆ ಚಳಿ."

"ಹಿಟ್ಟಿಗೆ?"

"ಇಡ್ಲಿ ಹಿಟ್ಟು ಸಾರ್. ನೀವೂ ಹೇಳಿ, ಯಾವುದು ಜಾಸ್ತಿ ಉಬ್ಬಿರುತ್ತೆ? ಇದು ಪಾಟೀದು, ಇದು ಅಮ್ಮಂದು, ಇದು ಸಾರ್‌ದು, ಇದು ಸೌಟಿಂದು."

"ನನಗೆ ಹೇಗಮ್ಮ ಗೊತ್ತಾಗುತ್ತೆ?"

"ನಮಗೂ ಗೊತ್ತಿಲ್ಲ. ಆದ್ರೂ ಹೇಳ್ಬೇಕು. ತಪ್ಪಾದ್ರೂ ಪರವಾಗಿಲ್ಲ ಸಾರ್, ಯಾರೂ ಬೈಯಲ್ಲ."

ತಪ್ಪಾದರೂ ಪರವಾಗಿಲ್ಲ ಎಂದು ಸಾಹೇಬರಿಗೆ ಎಷ್ಟು ವರ್ಷದಿಂದ ಯಾರೂ ಹೇಳಿರಲಿಲ್ಲವೋ ಏನೋ. ಅವರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಾಟಲಿಗಳ ಮುಂದೆ ಬಗ್ಗಿ, ನಿಜವಾಗಿಯೂ ಯೋಚಿಸಿದರು. ವರಾಂಡದಲ್ಲಿ ಕೂತ ಪಾಟಿಯ ಕಡೆ ಒಮ್ಮೆ ನೋಡಿ, "ಅಜ್ಜೀದೇ ಇರ್ಬೇಕು" ಎಂದರು. ಪಾಟಿ ಸೆರಗು ಸರಿಮಾಡಿಕೊಂಡರು.

ಶಾಲುಗಳನ್ನು ಒಂದೊಂದಾಗಿ ತೆಗೆದೆವು. ಪಾಟಿಯದು ಚೆನ್ನಾಗಿ ಉಬ್ಬಿತ್ತು. ಮೇಷ್ಟ್ರದೂ ಉಬ್ಬಿತ್ತು. ಯಾರ ಕೈಯೂ ಮುಟ್ಟದ ಸೌಟಿನದೂ ಅಷ್ಟೇ ಉಬ್ಬಿತ್ತು. ಅಮ್ಮನ ಬಾಟಲಿಯ ಶಾಲು ತೆಗೆಯಲು ಹೋದರೆ ಬರಲಿಲ್ಲ, ಅಂಟಿಕೊಂಡಿತ್ತು. ಎಳೆದಾಗ ಹಿಟ್ಟು ಬಾಯಿ ಮೀರಿ ಹೊರಕ್ಕೆ ಸುರಿದು ಮೇಜಿನ ಮೇಲೆ ಹರಿದು, ಸಾಹೇಬರು ತಂದಿಟ್ಟಿದ್ದ ಕಡತದ ಕೆಳಗೆ ನುಗ್ಗಿತು. ಮಕ್ಕಳ ಕೂಗು ಕೇಳಿ ಪಕ್ಕದ ತರಗತಿಯವರೆಲ್ಲ ಓಡಿ ಬಂದರು.

"ಅಮ್ಮಂದೇ ಜಾಸ್ತಿ! ಅಮ್ಮಂದೇ ಜಾಸ್ತಿ!" ಎಂದು ಹುಡುಗಿ ಕುಣಿದಳು. ಆಗ ಹಿರಿಯ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಸ್ವಲ್ಪ ನಿಲ್ಲಮ್ಮ. ಈ ಬಾಟಲಿ ಸಪೂರ ಇದೆ ನೋಡು. ಸಪೂರ ಬಾಟಲೀಲಿ ಹಿಟ್ಟು ಮೇಲೆ ಹೋಗಲೇಬೇಕಲ್ವಾ?" ಎಂದರು. ಹುಡುಗಿ ಕುಣಿತ ನಿಲ್ಲಿಸಿ ಬಾಟಲಿ ನೋಡಿದಳು. ಆ ಮುಖದಲ್ಲಿ ಎರಡು ಆಸೆಗಳ ಜಗಳ ಕಂಡಿತು. ಕೊನೆಗೆ, ಬಹಳ ಬೇಸರದಿಂದ, "ಹೌದು ಸಾರ್" ಎಂದಳು. "ಎಲ್ಲಾದೂ ಒಂದೇ."

ವರಾಂಡದಿಂದ ಪಾಟಿಯ ಧ್ವನಿ ಬಂತು. "ಎಲ್ಲಾ ಒಂದೇ ಆದ್ರೆ, ಇಲ್ಲಿ ಪೊಂಗುತ್ತೆ, ಮನೇಲಿ ಯಾಕೆ ಪೊಂಗಲ್ಲ? ಅದನ್ನ ಹೇಳಿ."

"ಅದೇ ಪ್ರಶ್ನೆ!" ಎಂದು ಹಿರಿಯ ಮೇಷ್ಟ್ರು ಕೈಯೆತ್ತಿ ಕೂಗಿದರು. "ಅಜ್ಜೀ, ಅದೇ ಪ್ರಶ್ನೆ!"

ಸಾಹೇಬರ ತಪಾಸಣೆ ಅಲ್ಲಿಗೆ ಮುಗಿಯಿತು. ಕಡತ ಒರೆಸಿಕೊಂಡು ಹೋಗುವಾಗ, "ಒಳ್ಳೇ ಕೆಲಸ" ಎಂದರು. ಆಮೇಲೆ, "ಫಲಿತಾಂಶ ತಿಳಿಸಿ" ಎಂದರು.

ಆ ಸಂಜೆ ಮೂರನೇ ತರಗತಿ ಮೆರವಣಿಗೆಯಂತೆ ಪಾಟಿಯ ಮನೆಗೆ ಹೋಯಿತು, ಮುಂದೆ ಹಿರಿಯ ಮೇಷ್ಟ್ರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ಪಾಟಿಯನ್ನು ಕೇಳಿದರು: "ಸೊಸೆ ಕಲಸೋಕೆ ಶುರು ಮಾಡಿದ್ದು ಯಾವಾಗಿಂದ?"

"ದೀಪಾವಳಿ ಆದ್ಮೇಲೆ. ನನಗೆ ಕೈನೋವು ಬಂತು."

"ಅದಕ್ಕೆ ಮುಂಚೆ ನೀವು. ಆಗ ಚಳಿ ಇತ್ತಾ?"

ಮಕ್ಕಳು ಆಗಲೇ ಹಿಟ್ಟಿನ ಪಾತ್ರೆ ಪತ್ತೆ ಮಾಡಿದ್ದರು: ಗಾಜು ಒಡೆದ ಕಿಟಕಿಯ ಕೆಳಗೆ, ಸಿಮೆಂಟಿನ ನೆಲದ ಮೇಲೆ. ಒಲೆಯ ಪಕ್ಕ ಜಿರಳೆ ಬರುತ್ತದೆಂದು ಪಾಟಿಯೇ ಅಲ್ಲಿಗೆ ಬದಲಾಯಿಸಿದ್ದರು. ಹುಡುಗಿ ಪಾತ್ರೆಯನ್ನು ಎತ್ತಿ ಒಲೆಯ ಪಕ್ಕ ಇಟ್ಟು ಮೇಲೊಂದು ಗೋಣಿಚೀಲ ಹೊದಿಸಿದಳು. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಿದ್ದರೂ ನಗು ಕಣ್ಣಲ್ಲಿ ಕಾಣುತ್ತಿತ್ತು.

ಆ ವಾರದ ಕೊನೆಗೆ ಆಕೆ ಒಂದು ಡಬ್ಬಿ ತುಂಬ ಇಡ್ಲಿ ತಂದು ನನ್ನ ಮೇಜಿನ ಮೇಲಿಟ್ಟಳು. ಹತ್ತಿಯ ಹಾಗಿದ್ದವು. "ಅತ್ತೆ ಏನಂತಾರೆ?" ಎಂದೆ.

"ಹಿಟ್ಟಿನ ವಿಷಯ ಬಿಟ್ರು ಟೀಚರಮ್ಮ. ಪಾತ್ರೆ ಒಲೆ ಪಕ್ಕ ಇಡ್ಸಿದ್ದು ತಾವೇ ಅಂತ ಎಲ್ರ ಹತ್ರ ಹೇಳ್ಕೋತಾರೆ. ಈಗ ಸಾಂಬಾರ್ ಶುರು ಮಾಡಿದಾರೆ."

ಹಿರಿಯ ಮೇಷ್ಟ್ರ ವಿಷಯ ಹೇಳಬೇಕು. ಕೈಗುಣ ಇಲ್ಲವೆಂದು ಅವರು ಒಪ್ಪಲಿಲ್ಲ. "ಹಿಟ್ಟಲ್ಲಿ ಇಲ್ಲ, ಅಷ್ಟೇ. ಪಲ್ಯದಲ್ಲಿ ಇರ್ಬಹುದು" ಎನ್ನುತ್ತಿದ್ದರು. ಆದರೆ ಒಂದು ದಿನ ತರಗತಿ ಮುಗಿಸಿ ಬಂದವರು ಮುಖ ಕೆಂಪಾಗಿಸಿಕೊಂಡು ನನ್ನೆದುರಿನ ಸ್ಟೂಲಿನ ಮೇಲೆ ಕೂತರು. ಮೈ ಸರಿ ಇಲ್ಲವೇ ಎಂದು ಗಾಬರಿಯಾಯಿತು.

"ಮೇಡಂ, ಒಬ್ಬ ಕೇಳ್ದ, ಕನಸಲ್ಲಿ ಬಣ್ಣ ಕಾಣ್ಸುತ್ತಾ ಅಂತ. ಗೊತ್ತಿಲ್ಲ ಅಂದುಬಿಟ್ಟೆ."

"ಆಮೇಲೆ?"

"ಏನೂ ಆಗ್ಲಿಲ್ಲ!" ಎಂದರು, ಈಗ ತಾನೇ ಅಪಘಾತದಿಂದ ಪಾರಾಗಿ ಬಂದವರ ಹಾಗೆ. "ಯಾರೂ ನಗ್ಲಿಲ್ಲ. ಎಲ್ರೂ ತಮ್ಮ ತಮ್ಮ ಕನಸು ಹೇಳೋಕೆ ಶುರು ಮಾಡಿದ್ರು. ಮೂವತ್ತು ವರ್ಷದಿಂದ ಸುಮ್ನೆ ಹೆದರ್ಕೊಂಡಿದ್ದೆ ನೋಡಿ."

ಅವರು ಲವಂಗ ಹಾಕಿಕೊಳ್ಳುವುದನ್ನೂ ಕಲಿತರು. ಆದರೆ ಅವರಿಗೆ ಅದರ ರುಚಿ ಹಿಡಿಸಿ, ಉತ್ತರ ಬಾರದಿದ್ದಾಗಲೂ ಕಚ್ಚುತ್ತಿದ್ದರು.

ಸಾಹೇಬರು ಸುಮ್ಮನಿರಲಿಲ್ಲ. ಕೆಲವು ವಾರದ ಮೇಲೆ ಸುತ್ತಮುತ್ತಲ ಶಾಲೆಗಳಿಗೆಲ್ಲ ಸುತ್ತೋಲೆ ಹೋಯಿತು: ಎಲ್ಲ ಶಾಲೆಗಳಲ್ಲೂ ಇಡ್ಲಿ ಹಿಟ್ಟಿನ ಪ್ರಯೋಗ ಮಾಡತಕ್ಕದ್ದು, ಬಾಟಲಿಗಳಿಗೆ ಶಾಲು ಹೊದಿಸತಕ್ಕದ್ದು. ಅದನ್ನು ಓದಿ ಚಿಕ್ಕ ಟೀಚರ್ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಕ್ಕಳು ಕೇಳಲಿ ಎಂದು ನಾವು ಇಷ್ಟು ಒದ್ದಾಡಿದ್ದು. ಈಗ ಪ್ರಶ್ನೆಯೇ ಅಪ್ಪಣೆಯಾಗಿ ಬಂದಿತ್ತು. ಒಂದೆರಡು ವರ್ಷಗಳಲ್ಲಿ ನನ್ನನ್ನು ಶಿವಮೊಗ್ಗಕ್ಕೆ ಕರೆಸಿಕೊಂಡು, ಈ ವಿಧಾನ ಬೇರೆ ಶಾಲೆಗಳಲ್ಲಿ ಹೇಗೆ ನಡೆಯುತ್ತಿದೆ ನೋಡಿ ಬನ್ನಿ ಎಂದು ಓಡಾಡಲು ಬಿಟ್ಟರು. ಹೋದಲ್ಲೆಲ್ಲ ಬಾಟಲಿ, ಶಾಲು. ಕಪ್ಪುಹಲಗೆಯ ಮೇಲೆ ಮೊದಲೇ ಬರೆದಿಟ್ಟ ಉತ್ತರ.

ಹೊಸಮನೆ ಬಡಾವಣೆಯ ಒಂದು ಶಾಲೆಗೆ ಹೋದದ್ದು ಚೆನ್ನಾಗಿ ನೆನಪಿದೆ. ನಾಲ್ಕನೇ ತರಗತಿ. ಟೀಚರ್ ನನ್ನನ್ನು ಕಂಡು ಹೆದರಿದ್ದರು. ಮಕ್ಕಳು ಎದ್ದು ನಿಂತು ಒಂದೇ ಉಸಿರಿಗೆ, "ಹಿಟ್ಟು ಹುದುಗಲು ಬೆಚ್ಚಗಿನ ವಾತಾವರಣ ಬೇಕು" ಎಂದು ಒಪ್ಪಿಸಿ ಕೂತರು. ಚೆನ್ನಾಗಿ ಹೇಳಿದಿರಿ ಎಂದು, ಕುರ್ಚಿ ಎಳೆದುಕೊಂಡು, ನಿಮಗೆ ನಿಜವಾಗಿ ತಿಳಿಯಬೇಕು ಅನ್ನಿಸುವುದು ಏನಾದರೂ ಇದ್ದರೆ ಕೇಳಿ ಎಂದೆ. ನಾನು ಅವಸರ ಮಾಡಲಿಲ್ಲ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಕೈಯೆತ್ತಿದಳು.

"ನೀವು ಯಾವಾಗ ಹೋಗ್ತೀರಾ ಮಿಸ್?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಟೀಚರ್ ಮುಖ ಬಿಳಿಚಿಕೊಂಡು, "ಏಯ್! ಹಂಗೆಲ್ಲ ಕೇಳ್ತಾರಾ?" ಎಂದು ಗದರಿದರು.

"ಬೈಬೇಡಿ, ಒಳ್ಳೇ ಪ್ರಶ್ನೆ" ಎಂದೆ. ಹುಡುಗಿಯ ಕಡೆ ತಿರುಗಿ, "ನನಗೇ ಗೊತ್ತಿಲ್ಲ. ನೀನು ಹೇಗೆ ಕಂಡುಹಿಡೀತೀಯ?" ಎಂದು ಕೇಳಿದೆ.

ಅವಳು ಜಡೆಯ ತುದಿ ತಿರುವುತ್ತಾ ಯೋಚಿಸಿದಳು. "ಯಾರೇ ಬಂದ್ರೂ ನಮ್ಮ ಟೀಚರ್ ಟೀ ತರಿಸ್ತಾರೆ. ಟೀ ಬರೋವರೆಗೂ ಬಂದವ್ರು ಪ್ರಶ್ನೆ ಕೇಳ್ತಾರೆ. ಟೀ ಕುಡಿದ್ಮೇಲೆ 'ಸರಿ, ಚೆನ್ನಾಗಿದೆ' ಅಂತ ಎದ್ದು ಹೋಗ್ತಾರೆ. ಹೋದ ಸಲ ಬಂದವ್ರೂ ಹಂಗೇ, ಅದರ ಹಿಂದಿನವ್ರೂ ಹಂಗೇ."

"ಹಾಗಾದ್ರೆ ನಾನು?"

"ನಿಮಗಿನ್ನೂ ಟೀ ಬಂದಿಲ್ಲ."

ಅಷ್ಟರಲ್ಲಿ ಟೀ ಬಂತು. ಸ್ಟೀಲ್ ಲೋಟದಲ್ಲಿ, ಬಹಳ ಬಿಸಿ. ಇಡೀ ತರಗತಿ ಉಸಿರು ಬಿಗಿಹಿಡಿದು ನನ್ನನ್ನು ನೋಡುತ್ತಿತ್ತು. ಟೀಚರೂ, ತಮಗೆ ಗೊತ್ತಿಲ್ಲದೆಯೇ, ಕುರ್ಚಿಯ ಅಂಚಿಗೆ ಬಂದು ನೋಡುತ್ತಿದ್ದರು. ನಾನು ಊದಿ ಊದಿ ಕುಡಿದೆ. ಲೋಟ ಕೆಳಗಿಟ್ಟೆ. ಏಳಲಿಲ್ಲ.

"ತಪ್ಪಾಯ್ತು ಕಣೇ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಎರಡು ಜಡೆಯವಳು ಎದ್ದು ಬಂದು, ನನ್ನ ಲೋಟದೊಳಗೆ ಬಗ್ಗಿ ನೋಡಿದಳು.

"ಇನ್ನೂ ಸ್ವಲ್ಪ ಇದೆ" ಎಂದಳು.